ಹತ್ತೂವರೆ ಅಡಿ

ಹೈಫಾಂಗಿನ ಆ ಸಂದಿಯಲ್ಲಿ ನಿವೇಶನವೆಂದರೆ
ಹತ್ತೂವರೆ ಅಡಿ ಅಗಲ, ಅರವತ್ತೆರಡು ಉದ್ದ.
ಎರಡೂ ಮಗ್ಗುಲಿಗೆ ನೆರೆಯವರ ಕುರುಡು ಗೋಡೆ.
ಕಾಗದದ ಮೇಲೆ ನನ್ನ ನಕ್ಷೆ ಸರಿಯಾಗಿಯೇ ಇತ್ತು.

ಥೂಯ್ ಒಪ್ಪಲಿಲ್ಲ. ಸುಣ್ಣದ ಪುಡಿ ಕೊಟ್ಟು
ನೆಲದ ಮೇಲೇ ಬರೆಯಿರಿ ಎಂದಳು.
ಬರೆದೆ.
ನೂಡಲ್ಸ್ ಸಾರಿನ ಹಂಡೆಗೆ ನೀರು ತುಂಬಿ
ಎರಡೂ ಕೈಯಲ್ಲಿ ಹಿಡಿದು ಹೊರಟಳು,
ಇಲ್ಲದ ಅಡುಗೆಮನೆಯಿಂದ
ಇಲ್ಲದ ಅಂಗಡಿಯತ್ತ.
ಇಲ್ಲದ ಮೆಟ್ಟಿಲ ತಿರುವಿನಲ್ಲಿ ಮೊಣಕೈ
ಇದ್ದ ಗೋಡೆಗೇ ಬಡಿಯಿತು.
ನೀರು ಚೆಲ್ಲಿ
ನನ್ನ ಮೆಟ್ಟಿಲು ಹರಿದುಹೋಯಿತು.

"ದಿನಾ ಬೆಳಗಿನ ನಾಲ್ಕಕ್ಕೆ ಇದು. ಆಗ ಕುದಿಯುತ್ತಿರುತ್ತೆ."
ಅಷ್ಟೇ ಅಂದದ್ದು.

ಮೆಟ್ಟಿಲನ್ನು ಹಿಂದಕ್ಕೆ ಸರಿಸಿದೆ.
ನಡುವೆ ನಾಲ್ಕಡಿ ಚೌಕ ಉಳಿಯಿತು.
ಸ್ಕೂಟರಿಗಾಯಿತು ಎಂದ ಅವಳ ಗಂಡ ಹ್ವಾನ್.
ಮಾಡು ಬೇಡ, ಮೂರು ಮಹಡಿಯಲ್ಲೂ ತೆರೆದಿಡೋಣ ಎಂದೆ.
ಗೇಣುಗೇಣಿಗೂ ಸಾಲ ಮಾಡಿ ಕೊಂಡ ನೆಲ,
ಮಳೆಗೆ ಪುಕ್ಕಟೆ ಬಾಡಿಗೆಗೆ ಕೊಡಬೇಕೇ?
ಬೆರಳು ಮಡಚಿ ಲೆಕ್ಕ ಹಾಕತೊಡಗಿದ.
ಹಾಸಿಗೆ ಇದ್ದಷ್ಟೇ ಕಾಲು, ನಿಜ.
ಉಸಿರಿಗೆಷ್ಟು ಅಂತ
ಗಾದೆಯಲ್ಲಿ ಅಳತೆಯಿಲ್ಲ.

ಥೂಯ್ ಖಾಲಿ ಹಂಡೆ ಬೋರಲು ಹಾಕಿ
ಆ ಚೌಕದೊಳಗೆ ಕೂತಳು,
ಕತ್ತೆತ್ತಿ ನೋಡಿದಳು.
"ಇಲ್ಲಿ ಸೊಪ್ಪು ಬಿಡಿಸೋಕೆ ದೀಪ ಬೇಡ," ಎಂದಳು.

ಸುಣ್ಣ ಇನ್ನೊಂದು ಹಿಡಿ ಉಳಿದಿತ್ತು.
ಅವಳು ಏಳುವ ಮೊದಲೇ
ಅವಳ ಸುತ್ತ ಗೆರೆ ಎಳೆದೆ.