ಮುದ್ದೆಮಾಲಿನ ಊಟ

ಖಾನಾವಳಿಯ ಕಡೀ ತಾಟು ತೊಳದು
ಶಟರ್ ಅರ್ಧಕ್ಕ ಇಳಿಸಿದ ಮ್ಯಾಲ
ನನ್ನ ಎರಡನೇ ಪಂಕ್ತಿ ಸುರು.

ಮೂವತ್ತೊಂದು ವರ್ಷ ನಾರಾಯಣ ಪೇಟಿಯ ಈ ಓಣ್ಯಾಗ
ಜಿರಳಿ ಕಂಡಲ್ಲಿ ಚಪ್ಪಲಿ ಎತ್ತಿದಾಕಿ ನಾ.
ಈಗ ಅಟ್ಟದ ಮ್ಯಾಲ ತತ್ತಿಯ ಟ್ರೇದಾಗ
ಅವನ್ನ ಬಾಣಂತ್ಯಾರ ಹಾಂಗ ಬೆಚ್ಚಗ ಇಟ್ಟೀನಿ.
ಗಿರಾಕಿಗೆ ಗೊತ್ತಿಲ್ಲ.
ಗೊತ್ತಾದರ ಎಣ್ಣೆಗಾಯಿ ಬಿಟ್ಟು
ಎದುರಿನ ಮಿಸಳ ಅಂಗಡಿಗೆ ಹೋದಾರು.

ಇದೆಲ್ಲಾ ದನದ ಡಾಕ್ಟರ್ ಬಾಯಿ ಹಚ್ಚಿದ ಹುಚ್ಚು, ಮಂಜಿರಿ ಘೈಸಾಸ್.
ಎರಡು ಮನಿ ಆಚೆ ಅವಳ ದವಾಖಾನಿ.
ರೊಟ್ಟಿ, ಝುಣಕ ಉಂಡು ಕೈ ತೊಳಕೋತ ಒಂದಿನ ಅಂದಳು:
"ಮೌಶಿ, ನನ್ನ ಹಂತೇಕ ಒಬ್ಬ ಪಾವಣ್ಯಾ ಅದಾನ,
ಉಣ್ಣವಲ್ಲ."

ಪಾವಣ್ಯಾ ಅಂದರ ಹಲ್ಲಿ.
ಮೊಳಕೈ ಉದ್ದ, ಬೂದಿನೀಲಿ ಮೈ,
ಯಾರೋ ಓಕುಳಿ ನೀರು ಸಿಡಿಸಿಧಾಂಗ ಕೆಂಪು ಚುಕ್ಕಿ.
ಎಲ್ಲ್ಯೋ ಆಸಾಮದ ಅಡವ್ಯಾಗ ಹಿಡದು
ಪುಣೆ ಸ್ಟೇಷನ್ನಿನ ತನಕ ಕಾಲುಚೀಲದಾಗ ತಂದಿದ್ದರಂತ.
ಇದರಾಗ ಔಷಧ ಐತಿ ಅಂತ ಸುಳ್ಳು ನಂಬಿ
ಲಕ್ಷಗಟ್ಟಲೆ ಎಣಸವರು ಅದಾರಂತ.
ಕೋರ್ಟಿನ ಕಾಗದದಾಗ ಅದರ ಹೆಸರು
ಮುದ್ದೆಮಾಲು ನಂಬರ್ ಎರಡು.
ಒಂದನೇದು ಕಾಲುಚೀಲ.

ತಂದವರು ಬೇಯಿಸಿದ ತತ್ತಿ ತುರಕಿದ್ದರು.
ಎಲುಬು ತೊಯ್ದ ಹಪ್ಪಳ ಆಗಿತ್ತು,
ಬಾಲ ಕಡ್ಡಿ.

"ಅದಕ್ಕ ಉಣಸೂದಲ್ಲ ಮೌಶಿ, ಮೊದಲ
ಅದರ ಊಟಕ್ಕ ಉಣಸ್ರಿ" ಅಂದಳು.
ಇಷ್ಟು ವರ್ಷ ಅಡಗಿ ಮಾಡೀನಿ,
ಈ ಮಾತು ಯಾರೂ ಹೇಳಿರಲಿಲ್ಲ.
ಹಾಂಗಾಗಿ ಜಿರಳಿಗೆ ಗಜ್ಜರಿ, ಕುಂಬಳ, ನುಗ್ಗಿ ತಪ್ಪಲ,
ಒಂದಿನ ಮೊದಲ, ಹೊಟ್ಟಿ ತುಂಬ.
ಮರುದಿನ ಡಬ್ಬ್ಯಾಗ ಕ್ಯಾಲ್ಸಿಯಂ ಪುಡಿ ಹಾಕಿ ಕುಲುಕಿದರ
ಹಿಟ್ಟಿನ್ಯಾಗ ಹೊಳ್ಳಾಡಿದ ಮೆಣಸಿನಕಾಯಿ.
ಅದೇ ಕ್ಯಾಲ್ಸಿಯಂ ನನ್ನ ಮೊಣಕಾಲಿಗೂ ಬರದು ಕೊಟ್ಟಾರ,
ಚೀಟಿ ದೇವರ ಫೋಟೋದ ಹಿಂದ ಐತಿ.

ದಿನ ಬಿಟ್ಟು ದಿನ, ಐದು.
ಅದರ ತಲಿಗಿಂತ ದೊಡ್ಡದು ಬ್ಯಾಡ.
ರಾತ್ರಿನೇ ಹಾಕಬೇಕು, ಗಾಜಿಗೆ ನೀರು ಸಿಂಪಡಿಸಿ.
ಬಟ್ಟಲ ನೀರು ಅದಕ್ಕ ಒಗ್ಗೂದಿಲ್ಲ, ಹನಿ ನೆಕ್ಕತೈತಿ.
ಮೊದಲ ರಾತ್ರಿ ಚಿಮಟಿ ಬಿಟ್ಟು ಕೈಲೆ ಕೊಡಾಕ ಹೋದೆ,
ಹೆಬ್ಬಟ್ಟು ಹಿಡೀತು.
ಹಿಡದದ್ದು ಬಿಡೂ ಜಾತಿ ಅಲ್ಲ ಅದು.
ಗ್ವಾಡಿ ಗಡಿಯಾರದಾಗ ಇಪ್ಪತ್ತು ಮಿನಿಟು
ನಾ ಅದರ ಕಣ್ಣು ನೋಡಿದೆ, ಅದು ನನ್ನವು.
ರೆಪ್ಪಿ ಇಲ್ಲದ ಕಣ್ಣು. ಬಿಟ್ಟ ಮ್ಯಾಲ
ನಾಲಿಗಿಲೆ ತಾನ ಒರಸಿಕೊಂತು.

ಐದನೇದು ತಿಂದು ಮಾರಿ ತಿರುವಿದರ
ನನ್ನ ಕೈ ಸುಮ್ಮನಿರಂಗಿಲ್ಲ.
ಇನ್ನೊಂದು ಹಾಕ್ಲಿ? ಬರೇ ಒಂದು?
ನಮ್ಮವರಿಗೆ ಸಕ್ಕರಿ ಬ್ಯಾನಿ ಇತ್ತು.
ಒಲ್ಲೆ ಒಲ್ಲೆ ಅಂತ ತಾಟಿಗೆ ಕೈ ಅಡ್ಡ ಹಿಡದರೂ
ಬೆರಳ ಸಂದ್ಯಾಗ ಹೋಳಿಗಿ ತುರಕಿದಾಕಿ ನಾ.
ತುಪ್ಪ ಮೊಣಕೈ ತನಕ ಇಳೀತಿತ್ತು,
ಇಬ್ಬರೂ ನಗತಿದ್ವಿ.

ಡಬ್ಬಿ ಮುಚ್ಚತೀನಿ.

ಮೊನ್ನೆ ತಾರೀಖು ಮತ್ತ ಮುಂದ ಹೋತು,
ಸರಕಾರಿ ವಕೀಲರು ಬಂದಿದ್ದಿಲ್ಲಂತ.
ಕೇಸು ಮುಗಿಯೂತನ ಅಡವಿಗೆ ಕಳಸಂಗಿಲ್ಲ.
ಬಾಲ ಮಾತ್ರ ದಪ್ಪ ಆಗೇತಿ,
ಡಾಕ್ಟರ್ ಬಾಯಿ ಅಳದು ಬರಕೊಂಡಾಳ.

ಹಲ್ಲಿ ಲೊಚಗುಟ್ಟಿದರ ನಮ್ಮವ್ವ
ಆಡಿದ ಮಾತು ಖರೇ ಅಂತ ನೆಲಕ್ಕ ಬೆರಳು ಬಡೀತಿದ್ದಳು.
ಇದು ಲೊಚಗುಟ್ಟೂದಿಲ್ಲ.
ನಿನ್ನೆ ರಾತ್ರಿ ದವಾಖಾನಿಯ ದೀಪ ಆರಸೋ ಹೊತ್ತಿಗೆ
ಟೊಕ್-ಕೇ! ಅಂತ ಒದರಿತು, ಬಸ್ ಕಂಡಕ್ಟರನ ಗಂಟಲಿಲೆ,
ಮ್ಯಾಲಿಂದ ಮ್ಯಾಲ ಏಳು ಸಲ.
ನಾ ಏನೂ ಮಾತಾಡಿರಲಿಲ್ಲ.
ಆದರೂ ಬಗ್ಗಿ
ಫರಸಿ ನೆಲಕ್ಕ ಬೆರಳು ಬಡದೆ.

ಇವತ್ತು ಅದಕ್ಕ ಉಪಾಸ.
ಜಿರಳಿಗೆ ಗಜ್ಜರಿ ಹೆರೀಬೇಕು.