ಎಡಗಾಲು

ವಾರವಿಡೀ ನಾನು ಹೇಳುವುದು ಒಂದೇ ಮಾತು:
ಮೆಲ್ಲ ಬಿಡಿ, ಮೆಲ್ಲ.
ಬಾವುಟಗುಡ್ಡೆಯ ಏರಿನಲ್ಲಿ, ಹಿಂದೆ ಸಿಟಿ ಬಸ್ಸು
ಬಂಪರಿಗೆ ಮೂಗು ತಾಗಿಸಿ ನಿಂತಿರುವಾಗ,
ಕಲ್ಯಾಣಿ ಶೆಟ್ಟಿಗಾರ್ತಿಯ ಮೊಣಕಾಲು
ಹೊಲಿಗೆ ಮಿಶಿನಿನ ಹಾಗೆ ಕುಣಿಯುವಾಗ.
ಐವತ್ತಮೂರು ವರ್ಷ, ಹನ್ನೊಂದನೇ ಕ್ಲಾಸು,
ಇನ್ನೂ ಅದೇ ಜಾಗದಲ್ಲಿ ಆಫ್ ಆಗುತ್ತದೆ ಗಾಡಿ.
ನನ್ನ ಕಡೆಗೂ ಒಂದು ಕ್ಲಚ್ಚಿದೆ, ಒಂದು ಬ್ರೇಕು.
ಅವರಿಗೆ ಗೊತ್ತಾಗದ ಹಾಗೆ ಒತ್ತುತ್ತೇನೆ,
"ನೋಡಿ, ಹತ್ತಿಸಿದಿರಲ್ಲ" ಎನ್ನುತ್ತೇನೆ.

ಭಾನುವಾರ ಬೈಕಂಪಾಡಿ.
ಯಾರ್ಡಿನ ಹಿಂದೆ ಯಾರಿಗೂ ಬೇಡವಾದ ಕಾಂಕ್ರೀಟು,
ಸುಣ್ಣದಲ್ಲಿ ಎಳೆದ ಎರಡು ಗೆರೆ, ನಡುವೆ ಇನ್ನೂರು ಮೀಟರು.
ಗಾಳಿ ತಿರುಗಿದರೆ ಅಮೋನಿಯಾ, ತಿರುಗದಿದ್ದರೆ ಒಣಮೀನು.
ಪಪ್ಪನ ಕಾಂಟೆಸ್ಸಾ. ಬಾಗಿಲಿನ ಅಂಚನ್ನು
ಕಡಲ ಉಪ್ಪು ಬಿಸ್ಕತ್ತಿನ ಹಾಗೆ ತಿಂದಿದೆ.
ಹಿಂದಿನ ಎರಡು ಟಯರು ಮಾತ್ರ ಶಾರ್ಜಾದವು,
ಮೋನಾಕನ ತಂಗಿಯ ಮಗ ಕಂಬಳಿಯಲ್ಲಿ ಸುತ್ತಿ ಕಳಿಸಿದ
ಡ್ರ್ಯಾಗ್ ರೇಡಿಯಲ್ಲು:
ಮೈಮೇಲೆ ನಾಲ್ಕೇ ಗೀರು, ಮಳೆ ಕಂಡರೆ ಹೆದರುವ ಜಾತಿ.
ಹದಿನೆಂಟು ಪೌಂಡ್ ಗಾಳಿ ಸಾಕಂತೆ ಇವಕ್ಕೆ.
ಮೂವತ್ತೆರಡು, ಮೂವತ್ತೆರಡು ಎಂದು
ಊರಿಗೆಲ್ಲ ಬಾಯಿಪಾಠ ಮಾಡಿಸಿದವಳು ನಾನು.

ಒಂದು ಕೊಡ ನೀರು ಚೆಲ್ಲಿ, ಅದರ ಮೇಲೆ ನಿಲ್ಲಿಸಿ
ಚಕ್ರ ತಿರುಗಿಸಿದೆ. ಹೊಗೆ.
ಮೋನಾಕ ಉಗುರೊತ್ತಿ ನೋಡಿದ, "ಹಲ್ವ ಆಗಿದೆ, ಹೋಗು."

ಮೊದಲ ಸಲ ಐದು ಸಾವಿರಕ್ಕೆ ಏರಿಸಿ
ಎಡಗಾಲನ್ನು ಪೆಡಲಿನಿಂದ ಎತ್ತಿ ಬಿಸಾಡಿದೆ.
ಕಿರುಚಾಟ ಕೇಳಿತು, ಬಾಲ ಅತ್ತ ಹೊರಳಿತು,
ಪಕ್ಕದ ಗೆರೆಯ ಹುಡುಗ ಆಗಲೇ ಚುಕ್ಕಿ.
ಮೋನಾಕ ಕಿಟಕಿಗೆ ಮೊಣಕೈ ಕೊಟ್ಟ:
"ಬೇರೆ ಟಯರು ಜಾರಿದರೂ ಮತ್ತೆ ಹಿಡೀತದೆ.
ಇದು ಹಾಗಲ್ಲ. ಒಮ್ಮೆ ಮುನಿಸಾದರೆ
ಗೆರೆ ಮುಗಿಯುವವರೆಗೆ ಮಾತಾಡುದಿಲ್ಲ,
ನನ್ನ ದೊಡ್ಡಕ್ಕನ ಹಾಗೆ.
ವಾರವಿಡೀ ಎಂತ ಕಲಿಸುದು ಮಾರಾಯ್ತಿ ನೀನು?"

ಬಲಗಾಲಿಗೆ ಎಲ್ಲ ಮರ್ಯಾದೆ ನಮ್ಮಲ್ಲಿ.
ಮದುವೆಯಾಗಿ ಬಂದವಳು ಬಲಗಾಲಿಡಬೇಕು,
ಹೊಸ ಅಂಗಡಿಗೆ, ಹೊಸ ದೋಣಿಗೆ ಬಲಗಾಲು.
ಎಡಗಾಲು ತಾಗಿದರೆ ಎಡವಟ್ಟು.
ಗಾಡಿಯೊಳಗೂ ಗದ್ದಲವೆಲ್ಲ ಬಲದ್ದೇ.
ಎಡದ್ದು ಮಾತ್ರ ಚಪ್ಪಲಿ ಕಳಚಿಟ್ಟು,
ಅರ್ಧ ಇಂಚು ಜಾಗವನ್ನು
ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ ಹುಡುಕುತ್ತದೆ.

ಎರಡನೇ ಸಲ ಬಾಯಿಬಿಟ್ಟೇ ಹೇಳಿಕೊಂಡೆ,
ಮೆಲ್ಲ ಬಿಡಿ, ಮೆಲ್ಲ.
ಹಿಡಿಯಿತು ಅನಿಸಿದಲ್ಲಿ ಒಂದು ಉಸಿರು ನಿಲ್ಲಿ.
ಕ್ಲಚ್ಚು ಸುಟ್ಟ ವಾಸನೆ ಒಂದು ಎಳೆ.
ಆಮೇಲೆ ಪೂರಾ.

ಸದ್ದೇ ಇಲ್ಲ. ಅದನ್ನು ಎಣಿಸಿರಲಿಲ್ಲ ನಾನು.
ಟಯರು ಕಿರುಚಲಿಲ್ಲ, ಹಿಂಭಾಗ ಕುಕ್ಕರಗಾಲಲ್ಲಿ ಕೂತಿತು,
ಕನ್ನಡಿಗೆ ಕಟ್ಟಿದ್ದ ಅಮ್ಮನ ಜಪಸರ
ನೇರ ನನ್ನ ಕಡೆ ಕೈಚಾಚಿ ಹಾಗೇ ನಿಂತಿತು.
ಎರಡನೇ ಗೇರು. ಜಪಸರ ಇಳಿಯಿತು, ಮತ್ತೆ ಎದ್ದಿತು.
ಮೂರನೆಯದಕ್ಕೆ ಹೊಟ್ಟೆಯಡಿ ಟಕ್ಕೆಂದಿತು.
ಎಂಜಿನ್ನು ಒಂಟಿಯಾಗಿ ಬೊಬ್ಬೆ ಹೊಡೆಯುತ್ತಿರಲು
ಉಳಿದ ಓಟದ ಸಾಲದಲ್ಲಿ ಗೆರೆ ದಾಟಿದೆ.
ಯಾರು ಗೆದ್ದರೆಂದು ಕೇಳಲು ಮರೆತೆ.

ಅಡಿಗೆ ಮಲಗಿದ ಮೋನಾಕನ ಕಾಲು ಮಾತ್ರ ಕಾಣುತ್ತಿತ್ತು.
"ಶಾಫ್ಟಿನ ಕ್ರಾಸು ಹೋಯಿತು. ಹೋಗಲಿ.
ಟಯರು ಬಿಡದಿದ್ದರೆ
ಬೇರೆ ಯಾವುದಾದರೂ ಬಿಡಬೇಕಲ್ಲ."

ಸೋಮವಾರ ಬಾವುಟಗುಡ್ಡೆ. ಅದೇ ಏರು, ಅದೇ ಬಸ್ಸು.
"ಟೀಚರ್, ನಿಮ್ಮ ಕಾಲು ಯಾಕೆ ನಡುಗುದು?"
ನೋಡಿಕೊಂಡೆ. ಹೌದು, ಎಡಗಾಲು.
ಪೆಡಲಿನಿಂದ ಎತ್ತಿ ಸೀಟಿನಡಿ ಮಡಚಿಟ್ಟುಕೊಂಡೆ.
ಬಸ್ಸು ಹಾರ್ನು ಹೊಡೆಯಿತು.
ಗಾಡಿ ಒಂದು ಗೇಣು ಹಿಂದಕ್ಕೆ ಜಾರಿತು.
ನಾನು ಏನೂ ಹೇಳಲಿಲ್ಲ.