ಮೂಗು ಹಿಡಿದು ನೋಡುವುದು

ಮೊದಲು ಹಳೆಯ ಫಿಲ್ಟರ್ ಬಿಚ್ಚಿದೆ.
ಕಾಗದದ ನೆರಿಗೆ ನೆರಿಗೆಯಲ್ಲೂ ಒಂದು ವರ್ಷದ ದಾರಿ:
ಸೆಹಿತ್ವಾ ಕಡೆಯ ಸುಣ್ಣದಂಥ ಧೂಳು,
ಯಾರೋ ಸುಟ್ಟ ಹುಲ್ಲುಗಾವಲಿನ ಬೂದಿ,
ಪತಂಗದ ಅರ್ಧ ರೆಕ್ಕೆ,
ಹುಲ್ಲಿನ ಬೀಜ ಹದಿನಾಲ್ಕು. ಎಣಿಸಿದವನು ಓತೆಂಗ್,
ಕೆಲಸ ಕಲಿಯಲು ಬಂದ ಹುಡುಗ, ಎಣಿಸುವ ಚಾಳಿ.
ನೆಲಕ್ಕೆ ಕುಟ್ಟಿದರೆ ಒಂದು ಲೋಟ ಮಣ್ಣು.
‘ಇಷ್ಟು ತಿಂದೂ ಓಡಿತಾ ಇದು?’
ತಿನ್ನಲಿಲ್ಲ ಕಣೋ, ಅದಕ್ಕೇ ಓಡಿತು.

ಗಾಡಿ ಕ್ಲಿನಿಕ್ಕಿನದು,
ದ್ವೀಪದ ಹಳ್ಳಿಗಳಿಗೆ ಲಸಿಕೆಯ ಪೆಟ್ಟಿಗೆ ಒಯ್ಯುವುದು.
ಜುಲೈ. ಆಕಾಶದಲ್ಲಿ ಚೂರು ಮೋಡವಿಲ್ಲ,
ನದಿ ಮಾತ್ರ ಏರುತ್ತಲೇ ಇದೆ.
ಅಂಗೋಲದ ಗುಡ್ಡಗಳಲ್ಲಿ ಯಾವಾಗಲೋ ಬಿದ್ದ ಮಳೆ
ನಡೆದೂ ನಡೆದೂ ಈಗ ಮೌನ್ ಮುಟ್ಟಿದೆ.
ನಮ್ಮಲ್ಲಿ ಮಳೆಗೂ ದುಡ್ಡಿಗೂ ಒಂದೇ ಹೆಸರು, ಪುಲ.
ಎರಡೂ ಬೇರೆಯವರ ಊರಲ್ಲಿ ಬಿದ್ದು
ತಡವಾಗಿ ನಮ್ಮಲ್ಲಿಗೆ ಬರುತ್ತವೆ.

ಬಲಗೆನ್ನೆಗೆ ನಮೂನೆಯ ಹಾಳೆ ಅಂಟಿಸಿ
ಆರು ಚುಕ್ಕೆ, ಒಂದು ದೊಡ್ಡ ಸೊನ್ನೆ ಬರೆದೆ.
ಇಲ್ಲಿಗೆ ಬಂದಾಗ ಕೈ ಓಡುವುದಿಲ್ಲ.
ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ,
ಈಗಲೂ ಒಳ್ಳೆಯ ತಗಡು ಕೊರೆಯುವ ಮುಂಚೆ
ಹೋಗಿ ಚಹ ಕುಡಿದು ಬರುತ್ತೇನೆ.
ತುಕ್ಕು ತಿಂದದ್ದನ್ನು ಕತ್ತರಿಸುವ ಮಾತು ಬೇರೆ,
ಯಾವ ತಪ್ಪೂ ಮಾಡದ ಈ ಬಿಳಿ ಕೆನ್ನೆ ಬೇರೆ.

ಕೊರೆದೆ. ಬಿಸಿ ಸುರುಳಿ ಕಾಲ ಬಳಿ ಬಿತ್ತು.
ಅಂಚು ಅರದಿಂದ ಉಜ್ಜಿ ಬಣ್ಣ ಹಚ್ಚು ಎಂದೆ.
‘ಒಳಗಿನದು, ಯಾರಿಗೆ ಕಾಣುತ್ತೆ?’
ನೀರಿಗೆ.

ಗೋಡೆಯ ಮೊಳೆಗೆ ನೇತಿರುವ ಬಾಗಿದ ಉಕ್ಕಿನ ಕೋಲು
ಅಲಂಕಾರಕ್ಕಲ್ಲ. ಅಣ್ಣ ಬಥೂಸಿಯ ಗಾಡಿಯ ಕನೆಕ್ಟಿಂಗ್ ರಾಡು.
ಅವನು ಏಳು ಕೆರೆಯ ನೀರು ಕುಡಿದವ;
ಅವನ ಎಂಜಿನ್ ಕುಡಿದದ್ದು ಒಂದೇ ಗುಟುಕು,
ಖ್ವಾಯಿ ಹೊಳೆಯ ನಟ್ಟನಡುವೆ.
ಗಾಳಿಯನ್ನು ಒತ್ತಿದರೆ ಕುಗ್ಗಿ ಜಾಗ ಬಿಡುತ್ತದೆ,
ನೀರು ಬಿಡುವುದಿಲ್ಲ.
ರಾತ್ರಿಯಿಡೀ ಗಾಡಿಯ ನೆತ್ತಿಯ ಮೇಲೆ ಕೂತು
ಕೆಳಗೆ ನೀರಾನೆಗಳು ಗೊಣಗುವುದನ್ನು ಕೇಳುತ್ತ ಬೆಳಗು ಮಾಡಿದ.
ಆಮೇಲೆ ಗಾಡಿ ಮಾರಿ ಕೋಳಿ ಸಾಕಿದ.
ಈ ಶೆಡ್ಡಿಗೆ ಬಂದರೆ ಇವತ್ತಿಗೂ
ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಾನೆ.

ಕೊಳವೆ ಗಾಜಿನ ಕಂಬಕ್ಕೆ ಒರಗಿ ಸೂರಿನ ತನಕ ಹೋಯಿತು.
ಸಂದುಸಂದಿಗೆ ಸಿಲಿಕಾನ್.
ಹೊಸ ಫಿಲ್ಟರಿನ ರಬ್ಬರ್ ಅಂಚಿನ ಸುತ್ತ ಬೆರಳಾಡಿಸಿ ಕೂರಿಸಿದೆ.
ಪೆಟ್ಟಿಗೆಯ ತಳದಲ್ಲೊಂದು ಸಣ್ಣ ತೂತಿದೆ,
ಕಿಟ್ಟಿನ ಜೊತೆ ಬಂದ ಹಾಳೆಯಲ್ಲಿ ಅದರ ಸುದ್ದಿಯೇ ಇಲ್ಲ.
ಅದನ್ನೂ ಮುಚ್ಚಿದೆ.

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದಂತೆ.
ಇದಕ್ಕೆ ಎಲ್ಲೂ ಬಾಯಿ ಇರಕೂಡದು.
ಟೊಪ್ಪಿ ಕಳಚಿ, ಓತೆಂಗ್ ಏಣಿ ಹತ್ತಿ
ಕೊಳವೆಯ ತುದಿಗೆ ಅಂಗೈ ಇಟ್ಟ.
ಎಂಜಿನ್ ಏನೂ ಆಗದವರಂತೆ ಓಡುತ್ತಲೇ ಇತ್ತು.
ಎಲ್ಲೋ ಒಂದು ಬಾಯಿ!
ಹುಡುಗನ ಕಡೆ ಕಣ್ಣು ಬಿಟ್ಟೆ, ಅವನ ಕೆಲಸವನ್ನೆಲ್ಲ ತಡಕಿದೆ,
ಕೊನೆಗೆ ಸಿಕ್ಕಿತು, ಕೆನ್ನೆಯ ಹಿಂದಿನ ಕ್ಲ್ಯಾಂಪು:
ನಾನೇ ಹಾಕಿ ನಾನೇ ಬಿಗಿಯಲು ಮರೆತದ್ದು.
ಅವನು ಏನೂ ಅನ್ನಲಿಲ್ಲ. ಅದನ್ನೂ ಎಣಿಸಿಟ್ಟುಕೊಂಡಿರಬೇಕು.

ಎರಡನೆಯ ಸಲ
ನಡುಗಿತು, ಕೆಮ್ಮಿತು, ನಿಂತಿತು.
ಬೇಲಿಯಾಚೆಯ ಪಾರಿವಾಳಗಳ ಸದ್ದು ಕೇಳಿಸಿತು.
ಓತೆಂಗ್ ಬೆಚ್ಚಿ ಕೈ ಎಳೆದುಕೊಂಡ, ಅಂಗೈಯಲ್ಲಿ ಕೆಂಪು ಬಳೆ.
‘ಸತ್ತೇ ಹೋಯ್ತು, ಮ್ಮಾ.’
ಹೂಂ, ಚೆನ್ನಾಗಿ ಸತ್ತಿತು. ಇಳಿ.

ಸಂಜೆ ನರ್ಸ್ ಸೆರುಮೊಲಾ ಬಂದಳು:
‘ಇನ್ನು ಮೀನಿನ ಹಾಗೆ ಹೋಗಬಹುದಾ?’
ಮೇಲೆ ಹೋಗಿದ್ದು ಗಾಡಿಯ ಉಸಿರು, ನಿಮ್ಮದಲ್ಲ.
ಮೊದಲು ಕೋಲು ಹಿಡಿದು ನಡೆದು ಆಳ ನೋಡಿ.
‘ಮೊಸಳೆ ಇದ್ದರೆ?’
ಕಾಯಿರಿ.

ಅವಳು ಹೊರಟಳು. ಬೀದಿಯ ಬಿಳಿ ಧೂಳು
ಬಾಗಿಲ ಹಿಡಿಯವರೆಗೆ ಎದ್ದಿತು, ಕಿಟಕಿಯವರೆಗೆ ಎದ್ದಿತು,
ಅದಕ್ಕಿಂತ ಒಂದು ಗೇಣು ಮೇಲೆ
ಕರಿಯ ಮೂಗು ನಿರಾಳವಾಗಿ ಉಸಿರಾಡುತ್ತ ಸಾಗಿತು.
ಶೆಡ್ಡಿನ ಮುಂದೆ ನಾವಿಬ್ಬರೂ
ಅಂಗಿಯ ಅಂಚನ್ನು ಮೂಗಿಗೆ ಒತ್ತಿ ನಿಂತಿದ್ದೆವು.